ಗೋಡೆಯ ಮೇಲಿನ ಕೊಂಬು: ಬೆಂಗಳೂರು ಸೀಮೆಯ ಜಿಂಕೆ ಬೇಟೆ ಮತ್ತು ಅದರ ಗುರುತುಗಳು

ಬೆಂಗಳೂರಿನ ಹುಟ್ಟಿಗೆ ಜನ ಹೇಳಿಕೊಂಡು ಬಂದ ಕತೆ ಎರಡು. ಎರಡೂ ಬೇಟೆಯಿಂದಲೇ ಶುರುವಾಗುತ್ತವೆ. ಬೇಟೆಗೆ ಹೋಗಿ ದಾರಿ ತಪ್ಪಿದ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದಲೇ ಊರಿಗೆ ಹೆಸರು ಬಂತು ಎಂಬುದು ಒಂದು. ಬೇಟೆನಾಯಿಯನ್ನು ಮೊಲವೇ ತಿರುಗಿ ಅಟ್ಟಿಸಿಕೊಂಡು ಹೋದದ್ದನ್ನು ಕಂಡ ಕೆಂಪೇಗೌಡ ಇದು ಗಂಡುಭೂಮಿ ಎಂದು ಊರು ಕಟ್ಟಿದ ಎಂಬುದು ಇನ್ನೊಂದು. ಮೊದಲನೆಯದನ್ನು ಇತಿಹಾಸ ಒಪ್ಪುವುದಿಲ್ಲ. ಇಂದಿನ ಎಲೆಕ್ಟ್ರಾನಿಕ್ ಸಿಟಿಗೆ ಸಮೀಪದ ಬೇಗೂರಿನಲ್ಲಿ ಸಿಕ್ಕ, ಸುಮಾರು ಕ್ರಿ.ಶ. 900ರ ಶಾಸನದಲ್ಲಿ ‘ಬೆಂಗಳೂರು ಕಾಳೆಗ’ದ ಮಾತಿದೆ. ಬಲ್ಲಾಳನಿಗಿಂತ ಮುನ್ನೂರು ವರ್ಷ ಮೊದಲೇ ಊರಿಗೆ ಆ ಹೆಸರಿತ್ತು. ಆದರೆ ಐತಿಹ್ಯ ಸುಳ್ಳಾದರೂ ಅದರೊಳಗಿನ ರುಚಿ ನಿಜವಾದದ್ದು. ಈ ಎರಡು ಕತೆಗಳಲ್ಲಿ ಬೇಟೆಗಾರ ಕಾಡಿನಿಂದ ತಂದದ್ದು ಪ್ರಾಣಿಯ ತಲೆಯನ್ನಲ್ಲ. ಒಬ್ಬ ಒಂದು ಹೆಸರು ತಂದ, ಇನ್ನೊಬ್ಬ ಒಂದು ನೆಲದ ಗುಣವನ್ನು ಕಂಡುಕೊಂಡ.

ವೈಟ್‌ಫೀಲ್ಡಿನ ಕಂಪನಿಗಳಿಂದ ಕೆಲಸದ ಮೇಲೆ ಅಮೆರಿಕಕ್ಕೆ ಹೋಗುವವರು ಅಲ್ಲಿನ ಮನೆಗಳ ಗೋಡೆಯ ಮೇಲೆ ಬಿಳಿಬಾಲದ ಜಿಂಕೆಯ ತಲೆಯನ್ನು ಕಾಣುವುದುಂಟು. ಕೊಂಬಿಗೆ ಎಷ್ಟು ಕವಲು, ಎಷ್ಟು ಅಂಗುಲ ಅಗಲ ಎಂದು ಮನೆಯವರು ಹೆಮ್ಮೆಯಿಂದ ಹೇಳುತ್ತಾರೆ. ನಮ್ಮ ಮಲೆನಾಡಿನ ಹಳೆಯ ಮನೆಗಳ, ಕೊಡಗಿನ ಐನ್‌ಮನೆಗಳ ಗೋಡೆಯಲ್ಲೂ ಕಡವೆಯ ಕೊಂಬಿದೆ. ಕೋಟು ತೂಗುಹಾಕಲು, ಕೋವಿ ಒರಗಿಸಲು ಬಳಸುತ್ತಿದ್ದರು. ನೋಡಲು ಎರಡೂ ಒಂದೇ. ಆದರೆ ಕೊಂಬನ್ನು ಗೆಲುವಿನ ಗುರುತಾಗಿ ಗೋಡೆಗೇರಿಸುವ ರೂಢಿ ನಮ್ಮಲ್ಲಿ ಬಹಳ ಹಳೆಯದಲ್ಲ. ಹೆಚ್ಚೆಂದರೆ ನೂರೈವತ್ತು ವರ್ಷ ಬಾಳಿ ಮುಗಿದ ಒಂದು ಅಧ್ಯಾಯ ಅದು. ಅದಕ್ಕೂ ಮೊದಲು ಬೇಟೆಯ ಸುಖಕ್ಕೆ ಕನ್ನಡ ನಾಡು ಬೇರೆ ಗುರುತುಗಳನ್ನು ಇಟ್ಟುಕೊಂಡಿತ್ತು. ಆಮೇಲೆಯೂ ಬೇರೆಯದನ್ನೇ ಕಂಡುಕೊಂಡಿತು. ಈ ಮಾತಿಗೆ ಆಧಾರಗಳನ್ನು ಒಂದೊಂದಾಗಿ ಇಡುತ್ತೇನೆ.

ಮೊದಲ ಆಧಾರ ಭಾಷೆಯದೇ. ಬೇಟೆಯ ಪ್ರತಿಯೊಂದು ಹಂತಕ್ಕೂ ಕನ್ನಡದಲ್ಲಿ ಮಾತಿದೆ. ಪೊದೆ ಬಡಿದು ಪ್ರಾಣಿಯನ್ನು ಎಬ್ಬಿಸುವುದು ಸೋವು, ಅಡಗಿ ಕಾಯುವುದು ಮರಸು, ಹಾರಿಸಿದ ಗುಂಡು ಈಡು, ಕುಣಿಕೆ ಉರುಳು, ಮಾಂಸ ಹಂಚಿದರೆ ಪಾಲು. ಕಾಡಿನ ಜಿಂಕೆಯನ್ನು ಸೆಳೆಯಲು ಪಳಗಿಸಿ ಒಯ್ಯುವ ಸಾಕುಜಿಂಕೆಗೆ ದೀವ ಎಂಬ ಅಂದವಾದ ಹೆಸರಿದೆ. ಪ್ರಾಣಿಗಳ ಹೆಸರೋ, ಎರಳೆ, ಹುಲ್ಲೆ, ಚಿಗರೆ, ಸಾರಗ, ಕಡವೆ, ಕಾಡುಕುರಿ, ಕೊಂಡುಕುರಿ ಎಂದು ಸಾಲುಗಟ್ಟಿ ಬರುತ್ತವೆ. ಇಷ್ಟೆಲ್ಲ ಇರುವ ಭಾಷೆಯಲ್ಲಿ ‘ಟ್ರೋಫಿ’ಗೆ ಮಾತ್ರ ನೆಲೆನಿಂತ ಪದವಿಲ್ಲ. ಇದ್ದ ಆಚಾರಕ್ಕೆ ಪದವಿಲ್ಲದೆ ಹೋಗುವುದು ಅಪರೂಪ.

ಎರಡನೆಯ ಆಧಾರ ಶಾಸನ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಕ್ರಿ.ಶ. 949–50. ರಾಷ್ಟ್ರಕೂಟ ಮುಮ್ಮಡಿ ಕೃಷ್ಣ ಚೋಳರನ್ನು ತಕ್ಕೋಲದಲ್ಲಿ ಸೋಲಿಸಿದ ಯುದ್ಧದಲ್ಲಿ ಗಂಗ ಬೂತುಗನ ಪಕ್ಷದಲ್ಲಿ ಹೋರಾಡಿದ ಮಣಲೆರ ಎಂಬ ವೀರನಿಗೆ ಬೇಕಾದ್ದನ್ನು ಕೇಳು ಎಂದಾಗ ಅವನು ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ; ಕಾಳಿ ಎಂಬ ಬೇಟೆನಾಯಿಯನ್ನು. ಕೆಳಲೆ ನಾಡಿನ ಗುಡ್ಡದ ಬಳಿ ಆ ನಾಯಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಸತ್ತವು. ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಂತಿತು. ಕಲ್ಲಿನ ಮೇಲ್ಭಾಗದಲ್ಲಿ ನಾಯಿಯೂ ಹಂದಿಯೂ ಎದುರುಬದುರಾಗಿ ಕಾದುವ ಶಿಲ್ಪವಿದೆ. ಕಲ್ಲಿನ ಪೂಜೆಗೆ ಭೂಮಿ ಬಿಟ್ಟು, ಪೂಜಿಸದೆ ಉಣ್ಣುವ ಗೊರವನಿಗೆ ಆ ನಾಯಿಯ ಪಾಪ ತಟ್ಟುತ್ತದೆ ಎಂದು ಬರೆಸಿದ್ದಾರೆ.

ಈ ಶಾಸನವನ್ನು ತಕ್ಕೋಲದ ಯುದ್ಧದ ದಾಖಲೆಯೆಂದು ಇತಿಹಾಸಕಾರರು ಮತ್ತೆ ಮತ್ತೆ ಉದ್ಧರಿಸುತ್ತಾರೆ. ಬೇಟೆಯ ಇತಿಹಾಸಕ್ಕೆ ಅದು ಇನ್ನೂ ದೊಡ್ಡ ದಾಖಲೆ. ಹಂದಿಯ ಕೋರೆ ಎಷ್ಟುದ್ದ ಎಂಬ ಮಾತು ಅದರಲ್ಲಿಲ್ಲ. ಸ್ಮಾರಕ ಎದ್ದದ್ದು ಸತ್ತ ಬೇಟೆಯ ಗಾತ್ರಕ್ಕಲ್ಲ, ಬೇಟೆಯಾಡಿದ ಜೀವದ ಧೈರ್ಯಕ್ಕೆ. ಹುಲಿಯೊಡನೆ, ಹಂದಿಯೊಡನೆ ಹೋರಾಡಿ ಮಡಿದವರ ವೀರಗಲ್ಲುಗಳು ನಾಡಿನುದ್ದಕ್ಕೂ ಇವೆ. ಅವೂ ಮಡಿದವನ ಗುರುತುಗಳೇ. ಕೊಡಗಿನಲ್ಲಿ ಹುಲಿ ಕೊಂದವನಿಗೆ ಮಾಡುತ್ತಿದ್ದ ‘ನರಿ ಮಂಗಲ’ದಲ್ಲೂ ಮದುವಣಿಗನಂತೆ ಕೂತು ಹರಕೆ ಪಡೆಯುವವನು ಬೇಟೆಗಾರ. ಹುಲಿಯ ಅಳತೆ ಆ ಶಾಸ್ತ್ರದ ಭಾಗವಲ್ಲ.

ಆತಕೂರಿನ ಕಲ್ಲು ನಿಲ್ಲುವುದಕ್ಕೆ ಎಂಟು ವರ್ಷ ಮೊದಲು, 941ರಲ್ಲಿ, ಪಂಪ ‘ವಿಕ್ರಮಾರ್ಜುನ ವಿಜಯ’ವನ್ನು ಮುಗಿಸಿದ್ದ. ಬೇಟೆಯ ಬಣ್ಣನೆ ಅದರಲ್ಲಿ ಬರಿಯ ಅಲಂಕಾರವಲ್ಲ. ಹಂದಿ ಬೇಟೆಗೂ ದೀವದ ಬೇಟೆಗೂ ಇರುವ ವ್ಯತ್ಯಾಸ ಬಲ್ಲವನ ಬರವಣಿಗೆ. ಹಳಗನ್ನಡದಲ್ಲಿ ಒಲವಿಗೆ ಬೇಟ, ಮೃಗಯೆಗೆ ಬೇಂಟೆ. ಕಿವಿಗೆ ಒಂದರ ಪಕ್ಕ ಒಂದು ನಿಲ್ಲುವ ಮಾತುಗಳು. ಕವಿಗಳಿಗೆ ಕಾದು ಕೂರುವ ಪ್ರೇಮಿ ಮತ್ತು ಕಾದು ಕೂರುವ ಬೇಡ ದೂರದವರಾಗಿ ಕಾಣಲಿಲ್ಲ. ಮುಂದೆ ಕಲ್ಯಾಣ ಚಾಲುಕ್ಯರ ಮುಮ್ಮಡಿ ಸೋಮೇಶ್ವರ ಹನ್ನೆರಡನೆಯ ಶತಮಾನದ ಮೊದಲರ್ಧದಲ್ಲಿ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆದಾಗ ಮೃಗಯೆಯನ್ನು ರಾಜನ ವಿನೋದಗಳ ಸಾಲಿಗೆ ಸೇರಿಸಿ ಅದರ ವಿಧಾನಗಳನ್ನೇ ವಿವರಿಸಿದ. ಯಾವ ಹುಲ್ಲು, ಯಾವ ನೀರಿನ ಆಸರೆ, ಗಾಳಿ ಎತ್ತಣಿಂದ ಬೀಸಬೇಕು, ಪಳಗಿದ ಜಿಂಕೆಯನ್ನು ಹೇಗೆ ಮುಂದೆ ಬಿಡಬೇಕು ಎಂಬುದು ಅದರ ಲೋಕ. ಅಲ್ಲಿನ ಸುಖ ಕಾಯುವುದರಲ್ಲಿದೆ, ಬಲ್ಲವಿಕೆಯಲ್ಲಿದೆ.

ಅದೇ ಪರಂಪರೆ ಈ ಸುಖವನ್ನು ಸಪ್ತವ್ಯಸನಗಳಲ್ಲಿ ಒಂದೆಂದೂ ಎಣಿಸಿತು ಎಂಬುದನ್ನು ಮರೆಯುವಂತಿಲ್ಲ. ಜೋಡಿ ಜಿಂಕೆಗೆ ಬಾಣ ಬಿಟ್ಟ ಪಾಂಡುವಿಗೆ ಶಾಪ ತಟ್ಟಿದ್ದರಿಂದಲೇ ಭಾರತದ ಕತೆ ಮುಂದೆ ಸಾಗುತ್ತದೆ. 1209ರಲ್ಲಿ ಜನ್ನ ಬರೆದ ‘ಯಶೋಧರ ಚರಿತೆ’ಯಲ್ಲಿ ಬೇಟೆಗೆ ಹೊರಟ ಯಶೋಮತಿ ಎದುರಾದ ಮುನಿಯ ಮೇಲೆ ನಾಯಿಗಳನ್ನು ಛೂ ಬಿಡುತ್ತಾನೆ, ನಾಯಿಗಳು ಮುನಿಗೆ ಶರಣಾಗುತ್ತವೆ, ಬೇಟೆಗಾರ ಬದಲಾಗುತ್ತಾನೆ. ರಾಘವಾಂಕನ ಹರಿಶ್ಚಂದ್ರನೂ ಬೇಟೆಗೆ ಹೋಗಿಯೇ ಕಷ್ಟದ ಹಾದಿ ಹಿಡಿಯುತ್ತಾನೆ. ಬೇಟೆಯ ಸುಖವನ್ನು ಬಣ್ಣಿಸಿದ ಉಸಿರಿನಲ್ಲೇ ಅದರ ಪಾಪವನ್ನೂ ಹೇಳುವ ಈ ಜೋಡಿ ನಡೆ ಕನ್ನಡ ಬರವಣಿಗೆಯನ್ನು ಇಪ್ಪತ್ತನೆಯ ಶತಮಾನದವರೆಗೂ ಬಿಡಲಿಲ್ಲ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಕೃಷ್ಣಮೃಗದ ತೊಗಲು ತಪಸ್ವಿಗಳ ಆಸನವಾಗಿತ್ತು, ಉಪನಯನದಲ್ಲಿ ವಟುವಿಗೆ ಅದರ ತುಂಡು ಬೇಕಿತ್ತು. ಹಾಗಾದರೆ ಪ್ರಾಣಿಯ ಅಂಗವನ್ನು ಕಾಪಿಡುವ ರೂಢಿ ಇತ್ತಲ್ಲವೇ? ಇತ್ತು. ಆದರೆ ಆ ಕೃಷ್ಣಾಜಿನ ಯಾರ ಬಾಣಕ್ಕೆ ಬಿತ್ತು ಎಂದು ಯಾರೂ ಕೇಳುತ್ತಿರಲಿಲ್ಲ. ಅದು ಶುದ್ಧಿಯ ವಸ್ತು, ಬಳಕೆಯ ವಸ್ತು. ಕೊಂದವನ ಹೆಸರು, ಕೊಂದ ದಿನ, ಕೊಂದ ಜಾಗ ಅಂಟಿಕೊಂಡಾಗಲೇ ಕೊಂಬೊಂದು ಟ್ರೋಫಿಯಾಗುವುದು.

ಆ ಅಂಟಿಕೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಬೇಟೆ ಸಿವಂಗಿಗಳು ಬ್ರಿಟಿಷರ ಕೈಸೇರಿದವು. ಸಿವಂಗಿ ಎಂದರೆ ಚೀತಾ. ಅದನ್ನು ಪಳಗಿಸಿ ಗಾಡಿಯಲ್ಲಿ ಒಯ್ದು ಬಯಲಿನಲ್ಲಿ ಕೃಷ್ಣಮೃಗದ ಮೇಲೆ ಬಿಡುವುದು ಅರಸುಮನೆಗಳ ಹಳೆಯ ವಿನೋದ. ಮೈಸೂರಿನ ಬಯಲುಸೀಮೆ ಅದಕ್ಕೆ ಹೇಳಿಮಾಡಿಸಿದ ನೆಲ. ಒಡೆಯರ ಕಾಲದಲ್ಲಿ ದನಗಳಿಗೆಂದು ಮೀಸಲಾಗಿ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ಕಾವಲುಗಳು ಚಿಗರೆಗಳಿಗೂ ಆಸರೆಯಾಗಿದ್ದವು. 1809ರಲ್ಲಿ ಬೆಂಗಳೂರಿಗೆ ದಂಡು ಬಂತು. ಬಿಡುವಿರುವ ಅಧಿಕಾರಿಗಳು, ಬಂದೂಕು, ಕುದುರೆ, ವರಾಂಡವಿರುವ ಬಂಗಲೆ, ಎಲ್ಲವೂ ಒಟ್ಟಿಗೆ ಬಂದವು. ಕೊಂಬಿಗೆ ಗೋಡೆ ಸಿಕ್ಕಿತು.

ಅಳತೆಯೂ ಸಿಕ್ಕಿತು. ಲಂಡನ್ನಿನ ರೋಲಂಡ್ ವಾರ್ಡ್ ಎಂಬ ಪ್ರಾಣಿದೇಹ ಸಂರಕ್ಷಕ 1892ರಲ್ಲಿ ಜಗತ್ತಿನ ಬೇಟೆಪ್ರಾಣಿಗಳ ಕೊಂಬಿನ ಅಳತೆಗಳನ್ನು ಪುಸ್ತಕ ಮಾಡಿದ. ಮೈಸೂರಿನ ಕಾಡಿನ ಕಡವೆಯನ್ನು ಕೊಂದವನೂ ಅಂಗುಲದ ಲೆಕ್ಕದಲ್ಲಿ ಜಗತ್ತಿನ ಪಟ್ಟಿಗೆ ಸೇರಬಹುದಾಯಿತು. ಬೇಟೆಯ ಸುಖ ಕಾಡಿನ ಆ ಬೆಳಗಿನಿಂದ ಕಳಚಿಕೊಂಡು ಒಂದು ಸಂಖ್ಯೆಯಾದದ್ದು ಇಲ್ಲಿ. ನನ್ನ ದೃಷ್ಟಿಯಲ್ಲಿ ಬಂದೂಕು ಬಂದದ್ದಕ್ಕಿಂತ ದೊಡ್ಡ ತಿರುವು ಇದು. ಬಂದೂಕು ಕೊಲ್ಲುವ ಬಗೆಯನ್ನು ಬದಲಿಸಿತು. ಅಳತೆಪಟ್ಟಿ ಯಾವುದನ್ನು ಕೊಲ್ಲಬೇಕು ಎಂಬುದನ್ನು ಬದಲಿಸಿತು. ಮಾಂಸಕ್ಕೆ ಹೋದವನಿಗೆ ಎಳೆಯ ಜಿಂಕೆ ಲೇಸು. ಕೊಂಬಿಗೆ ಹೋದವನಿಗೆ ಹಿಂಡಿನ ಬಲಿತ ಗಂಡೇ ಬೇಕು.

ಮೈಸೂರಿನಲ್ಲಿ ಯೂಜೀನ್ ವ್ಯಾನ್ ಇಂಗೆನ್ 1900ರ ಹೊತ್ತಿಗೆ ಆರಂಭಿಸಿದ ಪ್ರಾಣಿದೇಹ ಸಂರಕ್ಷಣೆಯ ಕಾರ್ಖಾನೆ ಈ ಅಧ್ಯಾಯದ ಹೃದಯ. ಕಾಗದದ ಹಿಟ್ಟಿನ ಅಚ್ಚಿನ ಮೇಲೆ ಚರ್ಮ ಹೊದಿಸಿ, ಗಾಜಿನ ಕಣ್ಣಿಟ್ಟು, ಬದುಕಿರುವಂತೆ ಕಾಣುವ ತಲೆಗಳನ್ನು ಅಲ್ಲಿ ಮಾಡುತ್ತಿದ್ದರು. ಮಹಾರಾಜರು, ವೈಸರಾಯ್‌ಗಳು, ಪ್ಲಾಂಟರ್‌ಗಳು ಗಿರಾಕಿಗಳು. ಹುಲಿ, ಚಿರತೆಗಳಿಗೆ ಆ ಸಂಸ್ಥೆ ಲೋಕಪ್ರಸಿದ್ಧವಾದರೂ ಕಡವೆ, ಸಾರಗ, ಕೃಷ್ಣಮೃಗದ ತಲೆಗಳೂ ಅಲ್ಲಿಂದ ದೇಶದೇಶಕ್ಕೆ ಹೋದವು. 1999ರಲ್ಲಿ ಅದು ಬಾಗಿಲು ಮುಚ್ಚಿತು. ಆ ಮನೆಯ ಜೌಬರ್ಟ್ ವ್ಯಾನ್ ಇಂಗೆನ್ ನೂರು ದಾಟಿ ಬದುಕಿ 2013ರಲ್ಲಿ ತೀರಿಕೊಂಡರು.

ಬೆಂಗಳೂರಿನ ಹೊರವಲಯದ ಪಾತ್ರ ಇನ್ನೊಂದು ಬಗೆಯದು. 1882ರಲ್ಲಿ ಹತ್ತನೆಯ ಚಾಮರಾಜ ಒಡೆಯರು ಕೊಟ್ಟ 3,900 ಎಕರೆಯಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳಿಗಾಗಿ ವೈಟ್‌ಫೀಲ್ಡ್ ಹುಟ್ಟಿತು. 1940ರಲ್ಲಿ ವಿಮಾನ ಕಾರ್ಖಾನೆ ಬಂತು, 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ, ಮರುವರ್ಷ ಬಿಇಎಲ್. ಕಾರ್ಖಾನೆ ಎಂದರೆ ವಾರದ ರಜೆ, ತಿಂಗಳ ಸಂಬಳ. ಅರಸನಲ್ಲದ, ಬೇಡನೂ ಅಲ್ಲದ ಹೊಸ ಬೇಟೆಗಾರನೊಬ್ಬ ಹೀಗೆ ಹುಟ್ಟಿದ. ಶನಿವಾರ ಸಂಜೆ ಕಾರು ಹತ್ತಿ ಹೊಸೂರು ರಸ್ತೆ ಹಿಡಿದು ಜವಳಗಿರಿ, ಡೆಂಕಣಿಕೋಟೆ, ಅಂಚೆಟ್ಟಿಯ ಕಡೆ ಹೋಗುವವನು. ಕನ್ನಡ, ತೆಲುಗು, ತಮಿಳು ಮೂರೂ ಕೇಳುವ ಗಡಿಯ ಕಾಡು ಅದು.

ಈ ಬಗೆಯ ಬೇಟೆಗಾರನ ದೊಡ್ಡ ಹೆಸರು ಕೆನೆತ್ ಆಂಡರ್ಸನ್ (1910–1974). ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಕೆಲಸ, ಬಿಡುವಿನಲ್ಲಿ ಕಾಡು. 1954ರಲ್ಲಿ ಬಂದ ಅವನ ಮೊದಲ ಪುಸ್ತಕದಲ್ಲಿ ಜಾಲಹಳ್ಳಿಯ ಚಿರತೆಯ ಕತೆಯಿದೆ. ಇಂದು ಪೀಣ್ಯದ ಲೇತ್ ಮೆಷಿನ್ನುಗಳ ಸದ್ದು ಕೇಳುವಷ್ಟು ಹತ್ತಿರದ ಜಾಗದಲ್ಲಿ ಆಗ ಪೊದೆಕಾಡಿತ್ತು. ಪೀಣ್ಯದ 599 ಎಕರೆ ಪ್ಲಾಂಟೇಷನ್ 1896ರಲ್ಲೇ ಅರಣ್ಯವೆಂದು ಅಧಿಸೂಚಿತವಾಗಿತ್ತು ಎಂಬುದನ್ನು ಇದರ ಜೊತೆ ಇಟ್ಟು ನೋಡಬೇಕು. ಆಂಡರ್ಸನ್ ಹುಲಿ ಚಿರತೆಗಳ ಬೇಟೆಗೆ ಹೆಸರಾದವನು, ನಿಜ. ಆದರೆ ಅವನ ಪುಟಗಳಲ್ಲಿ ಜಿಂಕೆ ಇಲ್ಲದ ಇರುಳಿಲ್ಲ. ಕಡವೆಯ ಕೂಗು, ಸಾರಗದ ಎಚ್ಚರಿಕೆ ಕೇಳಿಸಿದಾಗಲೇ ಮರದ ಮೇಲೆ ಕೂತವನಿಗೆ ಹುಲಿ ಹೊರಟದ್ದು ತಿಳಿಯುವುದು. ಆ ಬರಹಗಳಲ್ಲಿ ಓದುಗನನ್ನು ಹಿಡಿದಿಡುವುದು ಗುಂಡು ಬಿದ್ದ ಗಳಿಗೆಯಲ್ಲ, ಅದಕ್ಕೂ ಮುಂಚಿನ ಕಾಯುವಿಕೆ. ಸೋಮೇಶ್ವರನ ಮೃಗಯಾವಿನೋದದ ಸುಖವೇ ಎಂಟುನೂರು ವರ್ಷ ದಾಟಿ ಇಲ್ಲಿ ಮತ್ತೆ ಕಾಣುತ್ತದೆ.

ಪೂರ್ಣಚಂದ್ರ ತೇಜಸ್ವಿ ಆಂಡರ್ಸನ್‌ನನ್ನು ‘ಕಾಡಿನ ಕಥೆಗಳು’ ಮಾಲೆಯಲ್ಲಿ ಕನ್ನಡಕ್ಕೆ ತಂದಾಗ ಒಂದು ಭಾಗಕ್ಕೆ ‘ಜಾಲಹಳ್ಳಿಯ ಕುರ್ಕ’ ಎಂದೇ ಹೆಸರಿಟ್ಟರು. ಇಂಗ್ಲಿಷಿನ ಷಿಕಾರಿ ಸಾಹಿತ್ಯ ಕನ್ನಡಕ್ಕೆ ಬಂದು ಮನೆಯ ಮಾತಾಯಿತು. ಅದಕ್ಕೆ ಮೊದಲೇ ಹಾದಿ ಸಿದ್ಧವಿತ್ತು. ಕುವೆಂಪು 1933ರ ‘ಮಲೆನಾಡಿನ ಚಿತ್ರಗಳು’ ಹಾಗೂ 1936ರ ‘ಕಾನೂರು ಹೆಗ್ಗಡಿತಿ’ಗಳಲ್ಲಿ ಬೇಟೆಯನ್ನು ಮಲೆನಾಡಿನ ದಿನಚರಿಯಾಗಿ ಬರೆದಿದ್ದರು. ಪುತ್ತೂರು ಸೀಮೆಯ ಕೆದಂಬಾಡಿ ಜತ್ತಪ್ಪ ರೈ ‘ಬೇಟೆಯ ನೆನಪುಗಳು’, ‘ಈಡೊಂದು ಹುಲಿಯೆರಡು’ ಬರೆದು ಸ್ವತಃ ಕೋವಿ ಹಿಡಿದವನ ಅನುಭವಕ್ಕೆ ಕನ್ನಡದಲ್ಲಿ ಜಾಗ ಮಾಡಿದರು. ಈ ಯಾವ ಪುಸ್ತಕದಲ್ಲೂ ಕೊಂಬಿನ ಅಂಗುಲದ ಲೆಕ್ಕ ಮುಖ್ಯವಾಗುವುದಿಲ್ಲ. ನಾಯಿ, ಹಳು ಸೋವುವವರು, ತಪ್ಪಿದ ಈಡು, ಪಾಲಿನ ಜಗಳ ಮುಖ್ಯವಾಗುತ್ತವೆ. ಕನ್ನಡದ ಬೇಟೆ ಬರಹ ಟ್ರೋಫಿಯ ಕಾಲದಲ್ಲೇ ಹುಟ್ಟಿಯೂ ಟ್ರೋಫಿಯ ಬರಹವಾಗಲಿಲ್ಲ.

ಇಷ್ಟರಲ್ಲಿ ಕಾಡು ಬರಿದಾಗುತ್ತಿತ್ತು. ಮೈಸೂರು ಸಂಸ್ಥಾನ 1901ರಲ್ಲೇ ಬೇಟೆಪ್ರಾಣಿ ಮತ್ತು ಮೀನು ಸಂರಕ್ಷಣೆಯ ಕಾನೂನು ಮಾಡಿತ್ತು. 1931ರಲ್ಲಿ ಬಂಡೀಪುರದಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನ ಸ್ಥಾಪಿಸಿತ್ತು. ಎರಡನೆಯ ಮಹಾಯುದ್ಧದ ನಂತರ ಜೀಪು ಬಂತು, ಇರುಳಿನಲ್ಲಿ ಕಣ್ಣು ಕೋರೈಸುವ ದೀಪ ಬಂತು, ಬೆಳೆ ಕಾಯುವ ಹೆಸರಿನಲ್ಲಿ ಕೋವಿಗಳು ಹಳ್ಳಿಹಳ್ಳಿಗೆ ಹಂಚಿಹೋದವು. ಬಯಲಿನ ಕೃಷ್ಣಮೃಗಕ್ಕೆ ಅಡಗಲು ಮರವಿಲ್ಲ; ಅದರ ಕಾಪು ಅದರ ಓಟ ಮಾತ್ರ. ಜೀಪಿನ ಮುಂದೆ ಆ ಓಟ ಸಾಲದಾಯಿತು. 1952ರ ಕೊನೆಗೆ ಭಾರತೀಯ ವನ್ಯಜೀವಿ ಮಂಡಳಿಯ ಮೊದಲ ಅಧಿವೇಶನ ಮೈಸೂರಿನಲ್ಲೇ ಸೇರಿತು. ಅಧ್ಯಕ್ಷರು ಜಯಚಾಮರಾಜ ಒಡೆಯರು, ಸ್ವತಃ ನುರಿತ ಬೇಟೆಗಾರರು.

ಬೇಟೆಗಾರನೇ ಕಾಪಾಡಲು ಹೊರಡುವುದು ಅಮೆರಿಕದಲ್ಲೂ ಆಗಿತ್ತು. ಮಾರಾಟದ ಬೇಟೆಯಿಂದ ಬಿಳಿಬಾಲದ ಜಿಂಕೆ ಹತ್ತೊಂಬತ್ತನೆಯ ಶತಮಾನದ ಕೊನೆಗೆ ತೀರ ವಿರಳವಾದಾಗ ಥಿಯೊಡೋರ್ ರೂಸ್‌ವೆಲ್ಟ್ ಮತ್ತವರ ಗೆಳೆಯರು 1887ರಲ್ಲಿ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಕಟ್ಟಿದರು. 1900ರ ಲೇಸಿ ಕಾಯ್ದೆ ಕದ್ದ ಬೇಟೆಯ ಅಂತರರಾಜ್ಯ ವ್ಯಾಪಾರವನ್ನು ತಡೆಯಿತು. 1937ರ ಕಾಯ್ದೆ ಬಂದೂಕು, ತೋಟಾಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳಿಗೇ ಮೀಸಲಿಟ್ಟಿತು. ಕೊಂಬಿನ ಅಂಕ ಎಣಿಸುವ ಪದ್ಧತಿಯನ್ನು ಅದೇ ಕ್ಲಬ್ 1950ರಲ್ಲಿ ರೂಪಿಸಿತು. ಇಂದು ಅಲ್ಲಿ ಆ ಜಿಂಕೆಗಳು ಸುಮಾರು ಮೂರು ಕೋಟಿ. ಹಾಗಾದರೆ ನಾವೂ ಅದೇ ದಾರಿ ಹಿಡಿಯಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಹಿಡಿಯಲು ಆಗುತ್ತಿರಲಿಲ್ಲ ಎಂಬುದು ನನ್ನ ತೀರ್ಮಾನ. ಅಲ್ಲಿ ಬಿಳಿಬಾಲದ ಜಿಂಕೆ ಹೊಲದಂಚಿನಲ್ಲೂ ತೋಟದಲ್ಲೂ ಹೆಚ್ಚಿತು, ಅದನ್ನು ತಿನ್ನುವ ತೋಳಗಳು ಬಹುಪಾಲು ಅಳಿದಿದ್ದವು. ಇಲ್ಲಿ ಸಾರಗವೂ ಕಡವೆಯೂ ಹುಲಿಯ ಊಟ. ನಾಲ್ಕು ತುಂಡು ಕಾಡಿನಲ್ಲಿ ಉಳಿದ ಜಿಂಕೆಯನ್ನು ಹುಲಿಗೂ ಕೊಟ್ಟು ಗೋಡೆಗೂ ಕೊಡುವಷ್ಟು ನಮ್ಮಲ್ಲಿರಲಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೃಷ್ಣಮೃಗವನ್ನು ಮೊದಲ ಅನುಸೂಚಿಗೆ ಸೇರಿಸಿತು. ಕೆಲವು ಪ್ರಾಣಿಗಳಿಗೆ ಪರವಾನಗಿ ಬೇಟೆಯ ಅವಕಾಶ ಕಾಗದದ ಮೇಲೆ ಉಳಿದಿತ್ತು. 1991ರ ತಿದ್ದುಪಡಿ ಅದನ್ನೂ ತೆಗೆದುಹಾಕಿತು. ಇದ್ದ ಕೊಂಬು, ಚರ್ಮಗಳನ್ನು ಘೋಷಿಸಿ ಒಡೆತನದ ಪ್ರಮಾಣಪತ್ರ ಪಡೆಯಬೇಕಿತ್ತು. 2003ರಲ್ಲಿ ಅದಕ್ಕೆ ಮತ್ತೊಮ್ಮೆ 180 ದಿನಗಳ ಅವಕಾಶ ಸಿಕ್ಕಿತು. 2023ರ ಅಕ್ಟೋಬರ್‌ನಲ್ಲಿ ಕರ್ನಾಟಕದಲ್ಲಿ ಹುಲಿ ಉಗುರಿನ ಪ್ರಕರಣ ಎದ್ದಾಗ ಎಷ್ಟೋ ಮನೆಗಳವರು ಅಟ್ಟ ಹತ್ತಿ ನೋಡಿದರು. ಪ್ರಮಾಣಪತ್ರವಿಲ್ಲದ ವಸ್ತುಗಳನ್ನು ಒಪ್ಪಿಸಲು ರಾಜ್ಯ ಸರ್ಕಾರ 2024ರ ಆರಂಭದಲ್ಲಿ ಮೂರು ತಿಂಗಳ ಅವಧಿ ಕೊಟ್ಟಿತು.

ಅಟ್ಟದ ಕೊಂಬನ್ನು ಓದುವ ಒಂದು ವಿಧಾನವನ್ನು ಇಲ್ಲಿ ಹೇಳಬೇಕು. ಜಿಂಕೆ ಜಾತಿಯ ಕವಲುಗೊಂಬು ಉದುರಿ ಮತ್ತೆ ಬೆಳೆಯುತ್ತದೆ. ಕೃಷ್ಣಮೃಗದ ಸುರುಳಿಗೊಂಬು ಉದುರುವುದಿಲ್ಲ. ಕಡವೆಯ ಕೊಂಬಿನ ಬುಡ ಒರಟಾಗಿ ಉಬ್ಬಿಕೊಂಡು ಒಂಟಿಯಾಗಿದ್ದರೆ ಅದು ಕಾಡಿನಲ್ಲಿ ಉದುರಿ ಬಿದ್ದದ್ದು, ಯಾರೋ ಸೌದೆಗೆ ಹೋದವರು ಹೆಕ್ಕಿ ತಂದದ್ದು. ಬುಡದಲ್ಲಿ ತಲೆಬುರುಡೆಯ ಎಲುಬು ಸೇರಿದ್ದರೆ ಅದು ಸತ್ತ ಪ್ರಾಣಿಯದು. ಮನೆತನದ ಶೌರ್ಯವೆಂದು ಹೇಳಿಕೊಂಡು ಬಂದ ಕೊಂಬು ಉದುರುಗೊಂಬಾಗಿರುವುದೂ ಉಂಟು. ಕಾನೂನಿನ ಮುಂದೆ ಎರಡಕ್ಕೂ ವ್ಯತ್ಯಾಸವಿಲ್ಲ. ಉದುರಿದ್ದನ್ನಾದರೂ ಪ್ರಮಾಣಪತ್ರವಿಲ್ಲದೆ ಮನೆಯಲ್ಲಿಡುವಂತಿಲ್ಲ, ಮಾರುವಂತಿಲ್ಲ. ಇತಿಹಾಸಕ್ಕೆ ಮಾತ್ರ ಆ ವ್ಯತ್ಯಾಸವೇ ಸರ್ವಸ್ವ.

ಇಂದು ಬೆಂಗಳೂರು ಸುತ್ತ ಜಿಂಕೆಯ ನೆಲೆಗಳು ಬೆರಳೆಣಿಕೆಯವು. ಎಲೆಕ್ಟ್ರಾನಿಕ್ ಸಿಟಿಯ ಪಕ್ಕದ ಬನ್ನೇರುಘಟ್ಟದ ಕಾಡಿನಲ್ಲಿ ಸಾರಗ, ಕಡವೆಗಳಿವೆ. ಕೃಷ್ಣಮೃಗ ನೋಡಬೇಕೆಂದರೆ ತುಮಕೂರು ಜಿಲ್ಲೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಹೋಗಬೇಕು. ಅಲ್ಲಿನ ಹುಲ್ಲುಗಾವಲು 2007ರಿಂದ ಸಂರಕ್ಷಿತ ಮೀಸಲು. ಕೃಷ್ಣರಾಜಪುರದ ಕಡೆ ಜಿಂಕೆತಿಮ್ಮನಹಳ್ಳಿ ಎಂಬ ಊರಿದೆ. ಜಿಂಕೆ ಅಲ್ಲಿ ಹೆಸರಿನಲ್ಲಿ ಮಾತ್ರ ಉಳಿದಿದೆ.

ಪ್ರಮಾಣಪತ್ರವಿಲ್ಲದ ಕೊಂಬು ಮನೆಯಲ್ಲಿದ್ದರೆ ಅದನ್ನು ಅರಣ್ಯ ಇಲಾಖೆಗೆ ಒಪ್ಪಿಸುವುದೇ ಸರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಪ್ಪಿಸುವ ಮುನ್ನ ಮನೆಯ ಹಿರಿಯರ ಪಕ್ಕ ಕೂತು ಒಂದು ಹಾಳೆಯಲ್ಲಿ ಇಷ್ಟು ಬರೆದಿಡಿ: ಅದು ಯಾವ ಕಾಡಿನದು, ಯಾವ ಕಾಲದ್ದು, ಈಡು ಯಾರದು, ಜೊತೆಗಿದ್ದ ನಾಯಿಯ ಹೆಸರೇನು. ಆ ಹಾಳೆಯ ಒಂದು ಪ್ರತಿಯನ್ನು ನಿಮ್ಮ ಜಿಲ್ಲೆಯ ಗ್ರಂಥಾಲಯಕ್ಕೆ ಕೊಡಿ.